ಪಿಟೀಲುಗಾರನ ಎಡಗೈ

ಕಳೆದ ಶ್ರಾವಣದಲ್ಲಿ, ಬೆಳಗಿನಿಂದ ಹಿಡಿದ ಜಿಟಿಜಿಟಿ ಮಳೆ ಸಂಜೆಯಾದರೂ ಬಿಡದಿದ್ದ ಒಂದು ದಿನ, ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕಾಕಾ ಮತ್ತು ನಾನು ಕುಳಿತು 1943ರ ಹಾಲಿವುಡ್ ಚಿತ್ರ ‘ಫ್ಯಾಂಟಮ್ ಆಫ್ ದಿ ಆಪೆರಾ’ವನ್ನು ನೋಡಿದೆವು. ಕಾಕಾ ಅವರಿಗೆ ಈಗ 78 ವರ್ಷ. ಮೂವತ್ತು ವರ್ಷಗಳ ಹಿಂದಿನವರೆಗೆ ಅವರು ಕಂಪನಿ ನಾಟಕಗಳಲ್ಲಿ ಪೇಟಿ (ಹಾರ್ಮೋನಿಯಮ್) ಮಾಸ್ತರರಾಗಿದ್ದರು. ಅವರಿಗೆ ಇಂಗ್ಲಿಷ್ ತಿಳಿಯುವುದಿಲ್ಲವಾದ್ದರಿಂದ ನಾನು ನಡುನಡುವೆ ಮಾತಿನ ಅರ್ಥ ಹೇಳುತ್ತಿದ್ದೆ. ಆದರೆ ಈ ಚಿತ್ರದ ಅತಿ ಮುಖ್ಯವಾದ ವಿಷಯವನ್ನು ನಾನು ಹೇಳುವ ಮೊದಲೇ ಅವರು ಹಿಡಿದರು. ಅದನ್ನು ಬರೆದಿಡಬೇಕೆಂದು ಅಂದಿನಿಂದಲೂ ಅನ್ನಿಸುತ್ತಿದೆ.

ಕಥೆಯ ಮೂಲ ಫ್ರಾನ್ಸಿನ ಗ್ಯಾಸ್ಟನ್ ಲೆರೂ ಬರೆದ ಕಾದಂಬರಿ. 1909–10ರಲ್ಲಿ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದ ಆ ಕಾದಂಬರಿಯಲ್ಲಿ ಪ್ಯಾರಿಸ್ಸಿನ ಆಪೆರಾ (ಹಾಡಿನಲ್ಲಿಯೇ ನಡೆಯುವ ನಾಟಕ) ಭವನದ ನೆಲಮಾಳಿಗೆಯಲ್ಲಿ ವಿಕಾರ ಮುಖದ ಒಬ್ಬನು ಅಡಗಿಕೊಂಡಿರುತ್ತಾನೆ, ಯುವ ಗಾಯಕಿಯೊಬ್ಬಳನ್ನು ಮೆಚ್ಚಿ ಅವಳ ಏಳಿಗೆಗಾಗಿ ಕೊಲೆಗೂ ಹೇಸುವುದಿಲ್ಲ. 1925ರಲ್ಲಿ ಲಾನ್ ಚೇನಿ ಅಭಿನಯಿಸಿದ ಮೂಕಿ ಚಿತ್ರದಲ್ಲಿ ಅವನು ಹುಟ್ಟುತ್ತಲೇ ಕುರೂಪಿ. ಭಯ ಹುಟ್ಟಿಸುವುದಕ್ಕೆಂದೇ ಇರುವವನು. ಹದಿನೆಂಟು ವರ್ಷಗಳ ನಂತರ ಅದೇ ಯುನಿವರ್ಸಲ್ ಸಂಸ್ಥೆ ಬಣ್ಣದಲ್ಲಿ, ಹಾಡು ತುಂಬಿ, ಆರ್ಥರ್ ಲೂಬಿನ್ ನಿರ್ದೇಶನದಲ್ಲಿ ಮತ್ತೆ ತೆಗೆದಾಗ ಕಥೆಗೆ ಒಂದು ಪೂರ್ವಭಾಗವನ್ನು ಸೇರಿಸಿತು. ಭೂತವಾಗುವ ಮೊದಲು ಅವನು ಯಾರಾಗಿದ್ದ ಎಂಬ ಪ್ರಶ್ನೆಗೆ ಈ ಚಿತ್ರ ಕೊಟ್ಟ ಉತ್ತರವೇನೆಂದರೆ, ಅವನೊಬ್ಬ ಪಿಟೀಲುಗಾರನಾಗಿದ್ದ, ಇಪ್ಪತ್ತು ವರ್ಷ ಅದೇ ಆಪೆರಾದ ವಾದ್ಯವೃಂದದಲ್ಲಿ ಕುಳಿತು ನುಡಿಸಿದವನು. ಹೆಸರು ಎರಿಕ್ ಕ್ಲಾಡಿನ್. ಪಾತ್ರಧಾರಿ ಕ್ಲಾಡ್ ರೇನ್ಸ್.

ಚಿತ್ರ ಆರಂಭವಾಗುವುದು ಫ್ಲೋಟೋನ ‘ಮಾರ್ಥಾ’ ಎಂಬ ನಿಜವಾದ ಆಪೆರಾದ ಪ್ರದರ್ಶನದಿಂದ. ವೇದಿಕೆಯ ಮೇಲೆ ನೆಲ್ಸನ್ ಎಡ್ಡಿ ತುಂಬು ಕಂಠದಲ್ಲಿ ಹಾಡುತ್ತಿರುತ್ತಾರೆ, ಮೇಳದವರ ನಡುವೆ ಕ್ರಿಸ್ಟೀನ್ ಎಂಬ ಹೊಸ ಹುಡುಗಿ ನಿಂತಿರುತ್ತಾಳೆ, ವೇದಿಕೆಯ ಕೆಳಗಿನ ತಗ್ಗಿನಲ್ಲಿ ವಾದ್ಯಗಾರರ ಸಾಲಿನಿಂದ ಕ್ಲಾಡಿನ್ ತಲೆ ಎತ್ತಿ ಅವಳನ್ನು ನೋಡುತ್ತಾನೆ. ಆ ತಗ್ಗನ್ನು ನೋಡಿದೊಡನೆ ಕಾಕಾ ನೆಟ್ಟಗೆ ಕುಳಿತರು. ನಮ್ಮ ಕಡೆಯ ಕಂಪನಿ ಥೇಟರುಗಳಲ್ಲಿಯೂ ಪೇಟಿ ಮಾಸ್ತರರ ಮತ್ತು ತಬಲಾದವರ ಜಾಗ ಅದೇ: ರಂಗದ ಮುಂದೆ, ಪ್ರೇಕ್ಷಕರಿಗೆ ಬೆನ್ನು ಮಾಡಿ, ಕತ್ತು ಮೇಲಕ್ಕೆತ್ತಿ. ಅಲ್ಲಿ ಕುಳಿತವರಿಗೆ ನಟರ ಮುಖಕ್ಕಿಂತ ಮೊದಲು ಕಾಲು ಕಾಣುತ್ತವೆ, ಹಾಡು ಎತ್ತುವ ಮೊದಲು ನಟಿ ಹೆಜ್ಜೆ ಹೇಗೆ ಊರುತ್ತಾಳೆಂಬುದರಿಂದಲೇ ಇವತ್ತು ಲಯ ಓಡುತ್ತದೋ ಎಳೆಯುತ್ತದೋ ಎಂದು ತಿಳಿಯುತ್ತದೆ ಎಂದು ಕಾಕಾ ಹಿಂದೆಯೂ ಹೇಳಿದ್ದರು.

ಪ್ರದರ್ಶನ ಮುಗಿದ ಮೇಲೆ ವಾದ್ಯವೃಂದದ ಮುಖ್ಯಸ್ಥ ಕ್ಲಾಡಿನ್‌ನನ್ನು ಕರೆಸುತ್ತಾನೆ. ಪಿಟೀಲುಗಳ ಸಾಲಿನಲ್ಲಿ ಎಲ್ಲಿಯೋ ಏನೋ ಸರಿಯಿಲ್ಲವೆಂದು ಅವನ ಕಿವಿಗೆ ಬಿದ್ದಿದೆ. ಏನಾದರೂ ನುಡಿಸು ಎನ್ನುತ್ತಾನೆ. ಕ್ಲಾಡಿನ್ ತನ್ನ ಊರ ಕಡೆಯ ಒಂದು ಜೋಗುಳವನ್ನು ನುಡಿಸುತ್ತಾನೆ. ಕೋಣೆಯಲ್ಲಿ ಇಬ್ಬರೇ ಇದ್ದಾರೆ, ಕ್ಯಾಮೆರಾ ಅಲುಗಾಡುವುದಿಲ್ಲ, ಸ್ವರ ಎಷ್ಟು ಹಿತವಾಗಿದೆಯೆಂದರೆ ಮುಖ್ಯಸ್ಥನಿಗೆ ತನ್ನ ಕಿವಿಯೇ ತಪ್ಪಿತೇನೋ ಎನ್ನಿಸುತ್ತದೆ. ನನಗೂ ಮೊದಲ ಸಲ ನೋಡಿದಾಗ ಹಾಗೆಯೇ ಅನ್ನಿಸಿತ್ತು. ಕಾಕಾ ಮಾತ್ರ ಪರದೆಯಿಂದ ಕಣ್ಣು ತೆಗೆಯದೆ, “ಇದು ಸಾದಾ ಧಾಟಿ. ಇದರಾಗ ಬೆರಳು ಓಡೂದ ಇಲ್ಲ. ಅವಾ ಬೇಕಂತನ ಇದನ್ನ ಆರಿಸ್ಯಾನ” ಎಂದರು. ಅವರ ಮಾತು ಮುಗಿಯುವಷ್ಟರಲ್ಲಿ ಪರದೆಯ ಮೇಲೆ ಕ್ಲಾಡಿನ್ ತಾನಾಗಿಯೇ ಒಪ್ಪಿಕೊಂಡ. ಇದು ಸರಳವಾದದ್ದು, ನನ್ನ ಎಡಗೈ ಬೆರಳುಗಳಿಗೆ ಏನೋ ಆಗುತ್ತಿದೆ ಎಂದು.

ಮುಖ್ಯಸ್ಥ ಕೆಟ್ಟವನಲ್ಲ. ಅವನು ಗದರುವುದಿಲ್ಲ, ಅವಮಾನ ಮಾಡುವುದಿಲ್ಲ. ಇಪ್ಪತ್ತು ವರ್ಷ ಸಂಬಳ ತೆಗೆದುಕೊಂಡವನು ನಾಲ್ಕು ಕಾಸು ಕೂಡಿಟ್ಟಿರುತ್ತಾನೆ ಎಂಬ ನಂಬಿಕೆಯಿಂದ ಅವನನ್ನು ಸೌಜನ್ಯದಿಂದಲೇ ಬಿಡುಗಡೆ ಮಾಡುತ್ತಾನೆ, ಆಪೆರಾ ನೋಡಲು ಪಾಸು ಕೊಡುತ್ತಾನೆ. ಆದರೆ ಕ್ಲಾಡಿನ್‌ನ ಬಳಿ ಬಿಡಿಗಾಸಿಲ್ಲ. ಗಳಿಸಿದ್ದೆಲ್ಲವನ್ನೂ ಅವನು ಕ್ರಿಸ್ಟೀನ್‌ಳ ಸಂಗೀತ ಪಾಠದ ಶುಲ್ಕವಾಗಿ, ಅವಳಿಗೆ ತಿಳಿಯದಂತೆ, ಅವಳ ಗುರುವಿಗೆ ಕೊಡುತ್ತ ಬಂದಿದ್ದಾನೆ. ಈಗ ಸಂಬಳ ನಿಂತರೆ ಪಾಠವೂ ನಿಲ್ಲುತ್ತದೆ. ಗುರು ಅದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಉಳಿದಿರುವುದು ತಾನೇ ರಚಿಸಿದ ಒಂದು ಪಿಯಾನೋ ಕೃತಿ ಮಾತ್ರ. ಅದನ್ನು ಹೊತ್ತು ಪ್ರಕಾಶಕನ ಬಾಗಿಲಿಗೆ ಹೋಗುತ್ತಾನೆ, ಅಲ್ಲಿ ತಾತ್ಸಾರಕ್ಕೆ ಗುರಿಯಾಗುತ್ತಾನೆ, ಅದೇ ಹೊತ್ತಿಗೆ ಪಕ್ಕದ ಕೋಣೆಯಿಂದ ತನ್ನದೇ ಸಂಗೀತ ಕೇಳಿಬರುತ್ತದೆ. ನುಡಿಸುತ್ತಿರುವವನು ಮಹಾನ್ ಪಿಯಾನೋ ವಾದಕ ಫ್ರಾಂಜ್ ಲಿಸ್ಟ್. ಕೃತಿಯನ್ನು ಮೆಚ್ಚಿಯೇ ನುಡಿಸುತ್ತಿದ್ದಾನೆ. ಕ್ಲಾಡಿನ್‌ಗೆ ಅದು ಗೊತ್ತಿಲ್ಲ. ಕದ್ದರು ಎಂದು ತಿಳಿದು ಪ್ರಕಾಶಕನ ಕುತ್ತಿಗೆ ಹಿಸುಕುತ್ತಾನೆ, ಅಲ್ಲಿದ್ದ ಹೆಂಗಸು ಮುದ್ರಣದ ಅಚ್ಚು ಕೊರೆಯಲು ಇಟ್ಟಿದ್ದ ಆಸಿಡ್ಡನ್ನು ಅವನ ಮುಖಕ್ಕೆ ಎರಚುತ್ತಾಳೆ.

ಇಲ್ಲಿಯವರೆಗಿನ ಭಾಗ ಚಿತ್ರದ ಮೊದಲ ಅರ್ಧ ತಾಸಿಗೆ ಹತ್ತಿರ. ನನ್ನ ಮಟ್ಟಿಗೆ ಇದೇ ಇಡೀ ಚಿತ್ರದ ಜೀವಾಳ. ಮುಂದೆ ಮುಖವಾಡ ಬರುತ್ತದೆ, ನೆರಳು ಬರುತ್ತದೆ, ಕೊಲೆಗಳು ಬರುತ್ತವೆ. ಅವೆಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ಆ ಶಾಂತವಾದ ಕೋಣೆ ಮತ್ತು ಆ ಜೋಗುಳ. ತಾನು ಇನ್ನೂ ನುಡಿಸಬಲ್ಲೆ ಎಂದು ತೋರಿಸಲು ಒಬ್ಬ ವಾದ್ಯಗಾರ ತನ್ನ ಬೆರಳಿಗೆ ಒಗ್ಗುವ ಒಂದು ಹಾಡನ್ನು ಹುಡುಕಿಕೊಳ್ಳುವುದು ಎಂಥ ಸಂಕಟ ಎಂಬುದನ್ನು ನಾನು ಮನೆಯಲ್ಲಿಯೇ ಕಂಡಿದ್ದೇನೆ.

ಕಾಕಾ ಅವರ ಬಲಗೈಯ ಕೊನೆಯ ಎರಡು ಬೆರಳು ನಲವತ್ತರ ಆಚೆ ಜೋಮು ಹಿಡಿಯತೊಡಗಿದವು. ಕಾಲುಪೇಟಿಯೆಂದರೆ ತಿದಿಯನ್ನು ಕಾಲಿನಿಂದ ಒತ್ತಿ ಎರಡೂ ಕೈಯಿಂದ ನುಡಿಸುವ ವಾದ್ಯ. ಒಂದು ಕೈ ಸೋತರೆ ಇನ್ನೊಂದು ಸ್ವಲ್ಪ ಹೊತ್ತು ಹೊತ್ತುಕೊಳ್ಳಬಲ್ಲದು. ಹಾಗೆ ಎರಡು ವರ್ಷ ಯಾರಿಗೂ ತಿಳಿಯದಂತೆ ಅವರು ದಾಟಿಸಿದರು. ದ್ರುತದಲ್ಲಿ ನಡೆಯುವ ಹಾಡುಗಳನ್ನು ಒಂದು ಮನೆ (ಪೇಟಿಯ ಒಂದು ಕೀಲಿಯಷ್ಟು) ಇಳಿಸಿಕೊಂಡರು, ತಾನಗಳ ಜಾಗವನ್ನು ತಬಲಾದವನಿಗೆ ಬಿಟ್ಟುಕೊಟ್ಟು ತಾವು ಸ್ವರ ಹಿಡಿದು ನಿಂತರು. ಬನಶಂಕರಿ ಜಾತ್ರೆಯ ಕ್ಯಾಂಪಿನಲ್ಲಿ, ರಾತ್ರಿಯೆರಡು ಆಟವಾಡುವ ಆ ದಿನಗಳಲ್ಲಿ, ಕೈ ಪೂರ್ತಿ ಕೈಕೊಟ್ಟಿತು. ಯಾರೂ ಏನೂ ಅನ್ನಲಿಲ್ಲ. ಕಂಪನಿ ಗದಗಿಗೆ ಬಂದು ತಗಡಿನ ಥೇಟರು ಎಬ್ಬಿಸಿದ ಮೊದಲ ರಾತ್ರಿ, ನಾಂದಿಗೆ ಐದು ನಿಮಿಷವಿರುವಾಗ ಕಾಕಾ ತಗ್ಗಿಗೆ ಇಳಿದರೆ ಸ್ಟೂಲಿನ ಮೇಲೆ ಇನ್ನೊಂದು ಕಂಪನಿಯಿಂದ ಬಂದ ಹುಡುಗನೊಬ್ಬ ಕುಳಿತಿದ್ದನಂತೆ. “ಮಾಸ್ತರ, ನೀವು ನಾಕ ದಿನ ವಿಶ್ರಾಂತಿ ತಗೋರಿ” ಎಂದರಂತೆ ಮಾಲಕರು. ಆ ಪೇಟಿಯಲ್ಲಿ ಮೇಲಿನ ಸಪ್ತಕದ ಒಂದು ಮನೆ ಒತ್ತಿದರೆ ಮೇಲೇಳದೆ ಸಿಕ್ಕಿಕೊಳ್ಳುತ್ತಿತ್ತು. ಕಾಕಾ ಅದನ್ನು ಹೆಬ್ಬೆರಳ ಉಗುರಿನಿಂದ ಎತ್ತಿ ಎತ್ತಿ ನುಡಿಸುವುದನ್ನು ರೂಢಿ ಮಾಡಿಕೊಂಡಿದ್ದರು. ಹುಡುಗನಿಗೆ ಅದು ಗೊತ್ತಿರಲಿಲ್ಲ. ಥೇಟರಿನ ಹೊರಗೆ, ಚಹಾದಂಗಡಿಯ ಬಾಕಿನ ಮೇಲೆ ಕುಳಿತ ಕಾಕಾ ಅವರಿಗೆ ಆ ಒಂದು ಸ್ವರ ನಿಲ್ಲದೆ ಕೂಗುತ್ತಿರುವುದು ನಾಯಕಿಯ ಹಾಡಿನುದ್ದಕ್ಕೂ ಕೇಳಿಸಿತು. ಎದ್ದು ಹೋಗಿ ಹೇಳಬೇಕೆಂದು ಎರಡು ಸಲ ಎದ್ದು ಎರಡು ಸಲವೂ ಕುಳಿತೆನೆಂದು ಅವರು ಹೇಳುತ್ತಾರೆ.

ಅಂಥವರಿಗೆ ಬೇರೆ ದಾರಿಗಳೂ ಕಡಿಮೆಯಿದ್ದವು ಎಂಬುದನ್ನು ಇಲ್ಲಿ ನೆನೆಯಬೇಕು. ಧಾರವಾಡದಲ್ಲಿ 1950ರಲ್ಲಿಯೇ ಆಕಾಶವಾಣಿ ಕೇಂದ್ರ ಶುರುವಾಗಿದ್ದರೂ, ಹಾರ್ಮೋನಿಯಮ್ಮಿಗೆ ರೇಡಿಯೋದಲ್ಲಿ 1940ರಿಂದ ಹಾಕಿದ್ದ ನಿಷೇಧ ಸಡಿಲವಾದದ್ದು 1971ರಲ್ಲಿ. ಕಾಕಾ ಪೇಟಿ ಕಲಿತ ವರ್ಷಗಳೆಲ್ಲ ಆ ನಿಷೇಧದೊಳಗೇ ಕಳೆದವು. ಅದಕ್ಕಾಗಿಯೇ ಅವರು ಮತ್ತು ಅವರಂಥ ಎಷ್ಟೋ ಜನ ನಾಟಕ ಕಂಪನಿಗಳ ತಗ್ಗಿಗೆ ಇಳಿದರು.

ಮತ್ತೆ ಚಿತ್ರಕ್ಕೆ. ಒಳಚರಂಡಿಗಳ ಮೂಲಕ ಆಪೆರಾದ ತಳಕ್ಕೆ ಸೇರಿದ ಕ್ಲಾಡಿನ್ ಅಲ್ಲಿಂದಲೇ ಕ್ರಿಸ್ಟೀನ್‌ಳ ದಾರಿ ತೆರವು ಮಾಡತೊಡಗುತ್ತಾನೆ. ಮುಖ್ಯ ಗಾಯಕಿ ಬಿಯಾಂಕರೋಲಿಯ ಪಾನೀಯದಲ್ಲಿ ಮದ್ದು ಬೆರೆಸುತ್ತಾನೆ, ಅವಳ ಬದಲಿಗೆ ಕ್ರಿಸ್ಟೀನ್ ಹಾಡಿ ಗೆಲ್ಲುತ್ತಾಳೆ. ಮುಂದೆ ಬಿಯಾಂಕರೋಲಿ ಕೊಲೆಯಾಗುತ್ತಾಳೆ. ಕೊಲೆಗಾರ ಯಾರೆಂಬುದು ನೋಡುವವರಿಗೆ ಮೊದಲೇ ಗೊತ್ತಿರುವುದರಿಂದ ಪತ್ತೇದಾರಿಯ ಕುತೂಹಲ ಇಲ್ಲಿ ತೆಳುವಾಗಿದೆ. ಕ್ರಿಸ್ಟೀನ್‌ಳನ್ನು ಪ್ರೀತಿಸುವ ಗಾಯಕ ಮತ್ತು ಪೊಲೀಸ್ ಅಧಿಕಾರಿಯ ನಡುವಿನ ಲಘು ಪೈಪೋಟಿಗೆ ಕೊಟ್ಟಷ್ಟು ಜಾಗವನ್ನು ಕ್ಲಾಡಿನ್‌ಗೆ ಕೊಡಬೇಕಾಗಿತ್ತು. ಮುಖವಾಡ ಹಾಕಿಕೊಂಡ ಮೇಲೆ ಚಿತ್ರವೇ ಅವನನ್ನು ಮರೆತುಬಿಡುತ್ತದೆ. ಇದು ನನಗೆ ನಿಜವಾಗಿಯೂ ನೋವು ಕೊಟ್ಟ ದೋಷ.

ಚಿತ್ರದಲ್ಲಿ ಭೂತಕ್ಕಿಂತ ಹಾಡೇ ಹೆಚ್ಚಾಯಿತು ಎಂದು ಅನೇಕರು ದೂರಿದ್ದಾರೆ. ಅದನ್ನು ಮಾತ್ರ ನಾನು ಒಪ್ಪಲಾರೆ. ಸಂಗೀತಗಾರರ ಕಥೆಯಲ್ಲಿ ಸಂಗೀತ ಪೂರ್ತಿಯಾಗಿ ಕೇಳಿಸಬೇಕು, ಇಲ್ಲವಾದರೆ ಅವನು ಯಾವುದಕ್ಕಾಗಿ ಹಾಳಾದ ಎಂಬುದೇ ತಿಳಿಯುವುದಿಲ್ಲ. ‘ಮಾರ್ಥಾ’ದ ನಂತರ ಬರುವ ಎರಡು ಆಪೆರಾಗಳು ಜಗತ್ತಿನಲ್ಲಿ ಎಲ್ಲಿಯೂ ಇರಲಿಲ್ಲ, ಚಿತ್ರಕ್ಕಾಗಿಯೇ ಕಟ್ಟಿದಂಥವು. ಒಂದನ್ನು ಶೋಪ್ಯಾನ ಸಂಗೀತದಿಂದ, ಇನ್ನೊಂದನ್ನು ಚೈಕೋವ್‌ಸ್ಕಿಯ ನಾಲ್ಕನೆಯ ಸಿಂಫನಿಯಿಂದ ತೆಗೆದ ಧಾಟಿಗಳಿಗೆ ಮಾತು ಕೂಡಿಸಿ, ಎಡ್ವರ್ಡ್ ವಾರ್ಡ್ ಹೊಂದಿಸಿದರು. ಇದನ್ನು ಹೇಳಿದಾಗ ಕಾಕಾ ಅವರಿಗೆ ಆಶ್ಚರ್ಯವಾಗಲಿಲ್ಲ. ನಮ್ಮ ಕಂಪನಿಗಳ ಕವಿಗಳು ಮರಾಠಿ ನಾಟ್ಯಸಂಗೀತದ ಮಟ್ಟುಗಳಿಗೆ ಕನ್ನಡದ ಮಾತು ಕೂಡಿಸಿ ಹಾಡು ಕಟ್ಟಿದ್ದು, ಆಮೇಲೆ ಸಿನಿಮಾ ಮಟ್ಟುಗಳಿಗೂ ಅದನ್ನೇ ಮಾಡಿದ್ದು ಅವರ ಕೈಯ ಕೆಳಗೇ ನಡೆದದ್ದು. ಮಟ್ಟು ಹಳೆಯದಾದರೂ ಹಾಡು ಹೊಸದಾಗಬೇಕಾದರೆ ಹಾಡುವ ಕಂಠ ಗಟ್ಟಿಯಿರಬೇಕು ಎಂಬುದು ಅವರ ಮಾತು. ಆ ಕಂಠ ಇಲ್ಲಿದೆ. ಕ್ರಿಸ್ಟೀನ್ ಪಾತ್ರದ ಸುಸಾನ್ನಾ ಫಾಸ್ಟರ್ ಹುಟ್ಟಿದ್ದು 1924ರಲ್ಲಿ. ಚಿತ್ರೀಕರಣದ ವೇಳೆಗೆ ಅವರಿಗೆ 18ರ ಆಸುಪಾಸಿನ ವಯಸ್ಸು. ಹಾಡಿದ್ದೆಲ್ಲ ಅವರ ಸ್ವಂತ ದನಿಯಲ್ಲಿಯೇ. ತಾರಸ್ಥಾಯಿಗೆ ಏರಿದಾಗ ಆ ದನಿ ಎಳೆಯುವುದಿಲ್ಲ, ನಡುಗುವುದಿಲ್ಲ, ಬೆಳಗಿನ ಹೊತ್ತು ಗುಡಿಯ ಗಂಟೆಯ ನಾದದಂತೆ ನಿಂತುಬಿಡುತ್ತದೆ.

ಕ್ಲಾಡ್ ರೇನ್ಸ್ ಅವರ ಬಗ್ಗೆ ಒಂದು ಮಾತು. ಬಾಲ್ಯದಲ್ಲಿ ಮಾತಿನ ತೊಡಕಿದ್ದ ಅವರು ಅದನ್ನು ಗೆದ್ದು, ಲಂಡನ್ನಿನ ನಾಟಕ ಶಾಲೆಯಲ್ಲಿ ಬೇರೆಯವರಿಗೆ ಪಾಠ ಹೇಳುವಷ್ಟು ಬೆಳೆದರು. 1933ರ ‘ಇನ್ವಿಸಿಬಲ್ ಮ್ಯಾನ್’ ಚಿತ್ರದಲ್ಲಿ ಅವರ ಮುಖ ಕಾಣುವುದು ಕೊನೆಯಲ್ಲಿ ಒಮ್ಮೆ ಮಾತ್ರ, ಅಲ್ಲಿಯವರೆಗೆ ಬರೀ ದನಿಯಿಂದಲೇ ಪಾತ್ರ ನಡೆಯುತ್ತದೆ. ಇಲ್ಲಿಯೂ ಮುಖವಾಡದ ಹಿಂದೆ ಉಳಿಯುವುದು ದನಿಯೊಂದೇ. ಅವರು ಕೂಗಾಡುವುದೇ ಇಲ್ಲ. ಗೋಡೆಯ ಆಚೆಯಿಂದ ಕ್ರಿಸ್ಟೀನ್‌ಳಿಗೆ ಹೇಳುವ ಮಾತು, ಪರೀಕ್ಷೆಗೆ ಹೋಗುವ ಮಗಳಿಗೆ ಬಾಗಿಲಲ್ಲಿ ನಿಂತು ಹೇಳಿದ ಮಾತಿನಂತಿದೆ.

ಮಗಳಿಗೆ ಎಂಬ ಮಾತು ಸುಮ್ಮನೆ ಬಂದದ್ದಲ್ಲ. ಚಿತ್ರಕಥೆಯ ಮೊದಲ ಕರಡಿನಲ್ಲಿ ಕ್ಲಾಡಿನ್ ಕ್ರಿಸ್ಟೀನ್‌ಳ ತಂದೆಯೇ ಆಗಿದ್ದ. ಆಮೇಲೆ ಆ ಸಂಬಂಧವನ್ನು ತೆಗೆದುಹಾಕಿದರು. ತೆಗೆದದ್ದರ ಗುರುತು ಚಿತ್ರದ ಮೈಮೇಲೆ ಉಳಿದಿದೆ: ಇಬ್ಬರೂ ಪ್ರೊವಾನ್ಸ್ ಪ್ರಾಂತದವರು, ಇಬ್ಬರಿಗೂ ಅದೇ ಜೋಗುಳ ಗೊತ್ತು, ಅಷ್ಟೇ. ಹಾಗಾದರೆ ಇವನು ಅವಳಿಗಾಗಿ ಇಷ್ಟೆಲ್ಲ ಏಕೆ ಮಾಡಿದ ಎಂಬುದಕ್ಕೆ ಉತ್ತರವಿಲ್ಲವೆಂದು ನಾನು ಕಾಕಾ ಅವರಿಗೆ ಹೇಳಿದೆ. ಅವರು ನನ್ನನ್ನು ತಿದ್ದಿದರು. “ನಮ್ಮೂರ ಕೂಸು ಚಲೋ ಹಾಡತೈತಿ ಅಂದ್ರ ಸಾಕಲ್ಲ, ಮತ್ತ ಯಾವ ನಂಟು ಬೇಕು?”

ಆ ಮಾತಿನ ಹಿಂದೆ ಒಂದು ಇಡೀ ನಾಡಿನ ರೂಢಿಯಿದೆ. ಅವರು ಪೇಟಿ ಕಲಿತದ್ದು ಗದಗಿನಲ್ಲಿ. ಅದೇ ಊರಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಕಣ್ಣಿಲ್ಲದ ಮಕ್ಕಳಿಗೆ, ಬಡವರ ಮಕ್ಕಳಿಗೆ ಅನ್ನವನ್ನೂ ಸಂಗೀತವನ್ನೂ ಒಟ್ಟಿಗೆ ಹಾಕಿದರು, ಒಂದು ರೂಪಾಯಿ ಶುಲ್ಕವಿಲ್ಲದೆ. ಆಶ್ರಮದ ಒಲೆ ಉರಿಯಬೇಕೆಂದು ನಾಟಕ ಕಂಪನಿಯನ್ನೇ ಕಟ್ಟಿ ಊರೂರು ತಿರುಗಿದರು. ಪುಟ್ಟರಾಜರು ಸ್ವತಃ ನಾಟಕಗಳನ್ನು ಬರೆದರು. ಪ್ಯಾರಿಸ್ಸಿನ ಆ ಗುರು ಶುಲ್ಕವಿಲ್ಲದೆ ಪಾಠವಿಲ್ಲ ಎಂದು ಹೇಳುವ ದೃಶ್ಯದಲ್ಲಿ ಕಾಕಾ ತಲೆ ತಗ್ಗಿಸಿದ್ದರು. ಗುರುವಿಗೂ ಹೊಟ್ಟೆಯಿದೆ, ಅದನ್ನು ಅವರು ಬಲ್ಲರು. ಆದರೂ ಆ ದೃಶ್ಯವನ್ನು ಅವರಿಗೆ ಸಹಿಸಲಾಗಲಿಲ್ಲ.

ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತ ಗಂಗೂಬಾಯಿ ಹಾನಗಲ್ಲರ ನೆನಪೂ ಆ ಸಂಜೆ ಬಂತು. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅವರ ತೆಳುವಾದ ದನಿ ಗಂಡುದನಿಯಂತೆ ದಪ್ಪವಾಯಿತು. ಅವರು ಆ ಹೊಸ ದನಿಯನ್ನೇ ತಮ್ಮದಾಗಿಸಿಕೊಂಡು ಮುಂದೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಾಡಿದರು. ಹಾಡುವವರಿಗೆ, ಎಲ್ಲರಿಗೂ ಅಲ್ಲದಿದ್ದರೂ ಕೆಲವರಿಗೆ, ದೇಹ ಬದಲಾದಾಗ ಇನ್ನೊಂದು ದನಿ ಸಿಗುತ್ತದೆ. ಸಾಥಿಗೆ ಕುಳಿತವನ ಬೆರಳು ಹೋದರೆ ಅವನ ಜಾಗದಲ್ಲಿ ಇನ್ನೊಬ್ಬ ಬಂದು ಕೂರುತ್ತಾನೆ. ನೋಡುವವರಿಗೆ ಬೆನ್ನು ಮಾತ್ರ ಕಾಣುತ್ತಿದ್ದುದರಿಂದ ಬದಲಾದದ್ದು ತಿಳಿಯುವುದೂ ಇಲ್ಲ.

ಚಿತ್ರದ ದೊಡ್ಡ ದೃಶ್ಯವೆಂದರೆ ಗೊಂಚಲು ದೀಪ ಬೀಳುವುದು. ಕೆಳಗೆ ಆ ರಷ್ಯನ್ ಧಾಟಿಯ ಆಪೆರಾ ಏರುತ್ತಿದೆ, ಮೇಲೆ ಛಾವಣಿಯಲ್ಲಿ ಕ್ಲಾಡಿನ್ ಗರಗಸದಿಂದ ಸರಪಳಿ ಕೊಯ್ಯುತ್ತಿದ್ದಾನೆ. ಹಾಡಿನ ಗದ್ದಲದಲ್ಲಿ ಗರಗಸದ ಸದ್ದು ಯಾರಿಗೂ ಕೇಳಿಸದು. ಪ್ಯಾರಿಸ್ಸಿನ ನಿಜವಾದ ಆಪೆರಾ ಭವನ ತೆರೆದದ್ದು 1875ರಲ್ಲಿ. ಅಲ್ಲಿಯ ಗೊಂಚಲು ದೀಪ ಸುಮಾರು ಏಳು ಟನ್ ತೂಕದ್ದು. 1896ರಲ್ಲಿ ಅದರ ಸಮತೂಕದ ಗುಂಡೊಂದು ಕಳಚಿ ಬಿದ್ದು ಒಬ್ಬ ಹೆಂಗಸು ಸತ್ತಿದ್ದಳು. ಕಾದಂಬರಿಯ ಘಟನೆಗೆ ಅದೇ ಎಳೆ. ಚಿತ್ರದ ಸಭಾಂಗಣ ಮಾತ್ರ ಹಾಲಿವುಡ್ಡಿನದು, 1925ರ ಮೂಕಿ ಚಿತ್ರಕ್ಕೆಂದು ಉಕ್ಕಿನ ತೊಲೆಗಳ ಮೇಲೆ ಕಟ್ಟಿದ್ದ ಸೆಟ್ಟನ್ನೇ ಮತ್ತೆ ಬಳಸಿದ್ದು. ಆ ಕಟ್ಟಡವನ್ನು 2014ರಲ್ಲಿ ಕೆಡವಿದರು. ವರ್ಣ ಛಾಯಾಗ್ರಹಣಕ್ಕೂ ವರ್ಣ ಕಲಾ ನಿರ್ದೇಶನಕ್ಕೂ ಈ ಚಿತ್ರಕ್ಕೆ ಆಸ್ಕರ್ ಬಂದಿದೆ, ಅದರ ಕೆಂಪು ಪರದೆಗಳನ್ನೂ ಬಂಗಾರದ ಕಂಬಗಳನ್ನೂ ನೋಡಿದವರು ಅದಕ್ಕೆ ಎರಡು ಮಾತಾಡಲಾರರು.

ಕೊನೆಯಲ್ಲಿ ಕ್ಲಾಡಿನ್‌ನನ್ನು ಹೊರಗೆಳೆಯಲು ಲಿಸ್ಟ್ ಮೇಲೆ ವೇದಿಕೆಯಲ್ಲಿ ಅವನದೇ ಕೃತಿಯನ್ನು ನುಡಿಸುತ್ತಾನೆ. ನೆಲದಡಿಯಲ್ಲಿ ಕ್ಲಾಡಿನ್ ಅದನ್ನು ಕೇಳಿ ತಾನೂ ಪಿಯಾನೋದ ಮುಂದೆ ಕೂತು ಜೊತೆ ನುಡಿಸುತ್ತಾನೆ, ಕ್ರಿಸ್ಟೀನ್‌ಳಿಂದ ಹಾಡಿಸುತ್ತಾನೆ. ಇಪ್ಪತ್ತು ವರ್ಷ ಇನ್ನೊಬ್ಬರ ಹಾಡಿಗೆ ಸಾಥಿ ನೀಡಿದವನ ಸಂಗೀತಕ್ಕೆ ಇಡೀ ವಾದ್ಯವೃಂದ ಸಾಥಿ ನೀಡುವ ಒಂದೇ ಒಂದು ಗಳಿಗೆ ಅದು. ಅಷ್ಟರಲ್ಲಿ ಅವಳು ಮುಖವಾಡ ಕೀಳುತ್ತಾಳೆ, ಗುಂಡು ಹಾರುತ್ತದೆ, ಛಾವಣಿ ಕುಸಿದು ಅವನು ಮುಚ್ಚಿಹೋಗುತ್ತಾನೆ. ಕಲ್ಲುಮಣ್ಣಿನ ಮೇಲೆ ಮುಖವಾಡ ಮತ್ತು ಪಿಟೀಲು ಉಳಿಯುತ್ತವೆ. ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಆ ಜೋಗುಳದ್ದು ಹಿಂದಕ್ಕ ಹಾಕು, ಇನ್ನೊಮ್ಮೆ ನೋಡೂನು” ಎಂದರು. ಮೂರು ಸಲ ನೋಡಿದರು.

ಮರುದಿನ ಬೆಳಿಗ್ಗೆ ಮಳೆ ನಿಂತಿತ್ತು. ನಾನು ಎದ್ದು ಬರುವಷ್ಟರಲ್ಲಿ ಕಾಕಾ ಅಟ್ಟದ ಮೇಲಿದ್ದ ಕೈಪೇಟಿಯನ್ನು ಇಳಿಸಿ, ಮುಸುಕು ತೆಗೆದು, ಎಡಗೈಯಿಂದ ತಿದಿ ಒತ್ತುತ್ತ ಆ ಧಾಟಿಯನ್ನು ಹುಡುಕುತ್ತಿದ್ದರು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರರಿಂದಲೇ ಮೊದಲ ಸಾಲು ಬಂತು. ಎರಡನೆಯ ಸಾಲಿನಲ್ಲಿ ಧಾಟಿ ಮೇಲಕ್ಕೆ ಏರುವ ಕಡೆ ನಾಲ್ಕನೆಯ ಬೆರಳು ಬೇಕಾಯಿತು; ಅದು ಮಡಚಿಕೊಂಡೇ ಇತ್ತು. ಅವರು ಹೆಬ್ಬೆರಳನ್ನು ನಡುಬೆರಳಿನ ಕೆಳಗಿಂದ ತೂರಿಸಿ ಆ ಮನೆಯನ್ನು ಮುಟ್ಟಿದರು, ಸ್ವರ ಸ್ವಲ್ಪ ತಡವಾಗಿ ಬಂತು, ಮತ್ತೆ ಮೊದಲಿನಿಂದ ಎತ್ತಿಕೊಂಡರು. “ಮುಂದಿನ ಸಾಲು ನೆನಪ ಹಾರೈತಿ, ಆ ಸಿನಿಮಾ ತೊಗೊಂಡ ಬಾ” ಎಂದರು. ನಾನು ಲ್ಯಾಪ್‌ಟಾಪ್ ತರಲು ಒಳಗೆ ಹೋದೆ.